ರಾಮದುರ್ಗಕ್ಕೆ ಹೋದ ನಮ್ಮ ಭಿಶಿ

ವರ್ಷವಿಡೀ ಜಡ್ಡು ಬರಲಿಲ್ಲ, ನಮ್ಮ ರೊಕ್ಕ ತಿರುಗಿ ಕೊಡ್ರಿ ಎಂದು ಸೊಸೈಟಿಗೆ ಹೋಗಿ ಕೇಳಿದ ಬೈಲಹೊಂಗಲದ ಶಾಣ್ಯಾ ನಾನೇ. ಒಬ್ಬನೇ ಹೋಗಿದ್ದರೆ ಅಷ್ಟು ಮಾನ ಹೋಗುತ್ತಿರಲಿಲ್ಲ. ಓಣಿಯ ಅರ್ಧ ಮಂದಿಯನ್ನು ಕಟ್ಟಿಕೊಂಡು ಹೋಗಿದ್ದೆ.

ಎರಡು ಸಾವಿರದ ಇಸವಿಯ ಈಚಿನ ಮಾತು. ನಮ್ಮ ಓಣಿಯಲ್ಲಿ ಭಿಶಿ ನಡೆಯುತ್ತಿತ್ತು: ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕುವುದು, ಪಾಳಿ ಬಂದವರು ಗಂಟು ಎತ್ತುವುದು. ಹಾಕಿದವನಿಗೆ ಒಂದಿಲ್ಲೊಂದು ದಿನ ಪಾಳಿ ಬರಲೇಬೇಕು. ಹಿಂಗಿರುವಾಗ ಸೊಸೈಟಿಯ ಸೆಕ್ರೆಟರಿ ಮನೆಮನೆಗೆ ಬಂದು, ವರ್ಷಕ್ಕಿಷ್ಟು ಕಟ್ಟಿರಿ, ಆಪರೇಷನ್ ಬಂದರೆ ದವಾಖಾನೆಯವರು ನಿಮ್ಮನ್ನು ರೊಕ್ಕ ಕೇಳುವುದಿಲ್ಲ ಎಂದು ಸರಕಾರದ ಯೋಜನೆಯನ್ನು ತಿಳಿಸಿ ಹೋದರು. ನಾವು ಅದೂ ಒಂದು ಭಿಶಿಯೆಂದೇ ತಿಳಿದು ಕಟ್ಟಿದೆವು. ಸೆಕ್ರೆಟರಿಯದು ಮೂಗಿನ ಮಾತು. ಅವರ ದನಿಯನ್ನೇ ಅಣಕಿಸಿ, "ಎಲ್ಲಾರ ಪಾಳೀನೂ ಬರತೈತ್ರಿ, ಗಡಿಬಿಡಿ ಮಾಡಬ್ಯಾಡ್ರಿ" ಎಂದು ಕಟ್ಟೆಯ ಮೇಲೆ ನಾನೇ ಪ್ರಚಾರ ಮಾಡಿದೆ. ಮಂದಿ ನಕ್ಕರು. ನಕ್ಕು, ನಂಬಿದರು.

ವರ್ಷ ತೀರಿತು, ಓಣಿಯಲ್ಲಿ ಯಾರಿಗೂ ಪಾಳಿ ಬರಲಿಲ್ಲ. ಅಪ್ಪನಿಗೆ ಹರ್ನಿಯಾ ಆಗಿದೆ, ಕೊಯ್ಯಲೇಬೇಕು ಎಂದು ಸವದತ್ತಿಯ ಡಾಕ್ಟರು ಹೇಳಿದ್ದು ಆಮೇಲೆ. ಹೊಸ ವರ್ಷದ ರೊಕ್ಕ ಕಟ್ಟಲು ಕಡೆಯ ದಿನ ಅಪ್ಪ ಸೊಸೈಟಿಗೆ ಹೊರಟ. ದಾರಿಯಲ್ಲಿ ಚಹಾದಂಗಡಿ ಇತ್ತು, ಅಪ್ಪ ಅಲ್ಲೇ ಕುಂತು ದಿನ ಕಳೆದಾನು ಎಂದು ಅವ್ವನೂ ಬೆನ್ನಿಗೆ ಹೊರಟಳು. ಹಳೆಯ ರೊಕ್ಕದ ವಸೂಲಿಗೆ ನನ್ನ ದಂಡೂ ಹೊರಟಿತು.

"ನಮ್ಮ ಗಂಟು ಯಾರು ಎತ್ತಿದ್ರು, ಸಾಹೇಬ್ರ?" ಎಂದೆ.

"ರಾಮದುರ್ಗದ ಕಡೆ ಒಬ್ಬ ಹೆಣ್ಣಮಗಳಿಗೆ ಎದಿ ಆಪರೇಷನ್ ಆತು. ಅಂಥವರಿಗೆ ಹೋತು" ಎಂದರು ಸೆಕ್ರೆಟರಿ.

ಬೀಗರಲ್ಲ, ನೆಂಟರಲ್ಲ, ಮುಖ ಕಂಡವರಲ್ಲ. ಹಿಂದೆ ನಿಂತವನೊಬ್ಬ, "ಕಿತ್ತೂರಿಗೆ ಹೋಗಿದ್ರ ನಮ್ಮ ಅತ್ತಿ ಮನಿಯವರಾದ್ರೂ ಇದ್ರು" ಎಂದು ಗೊಣಗಿದ.

"ಬರೇ ನಿಮ್ಮದಲ್ಲೋ ತಮ್ಮಾ, ಸರಕಾರದ್ದೂ ಕೂಡೇತಿ" ಎಂದರು ಸೆಕ್ರೆಟರಿ.

"ಸರಕಾರಕ್ಕ ಎಲ್ಲಿಂದ ಬಂತ್ರಿ?" ಎಂದೆ.

"ನೀ ಈಗ ಹೊರಗ ಸೇದಿ ಒಗದ್ಯಲ್ಲ, ಆ ಸಿಗರೇಟಿನ ತೆರಿಗಿಯಾಗಿಂದನೂ ಬಂದೈತಿ."

ಅಂದರೆ ಗುರುತಿಲ್ಲದವಳ ಎದೆಗೆ ನಾನು ಎರಡು ಕಡೆಯಿಂದ ಕೊಟ್ಟಿದ್ದೆ. ಸಿಗರೇಟಿನ ಸುದ್ದಿ ಅವ್ವನ ಕಿವಿಗೆ ಬಿದ್ದದ್ದು ಬೇರೆ.

"ಕಟ್ಟಬ್ಯಾಡಪಾ, ಮತ್ತ ರಾಮದುರ್ಗಕ್ಕ ಹೋಗತೈತಿ" ಎಂದೆ. ಅಪ್ಪನಿಗೂ ನನ್ನಷ್ಟೇ ಗಾಬರಿ. ತೆಗೆದ ನೋಟನ್ನು ಮಡಚಿ ಕಿಸೆಗೆ ಹಾಕಿಕೊಂಡ.

"ಇವತ್ತು ತಪ್ಪಿದ್ರ ಮುಂದಿನ ವರ್ಷಾನ ರೀ. ನಿಮ್ಮ ಹರ್ನಿಯಾ ಅಲ್ಲೀತನಕ ಕಾಯಂಗಿಲ್ಲ" ಎಂದರು ಸೆಕ್ರೆಟರಿ. ಅದೇ ಮೂಗಿನ ದನಿ. ಯಾರೂ ನಗಲಿಲ್ಲ. ಅಪ್ಪ ಬಾಗಿಲ ಕಡೆ ತಿರುಗಿದ.

ಬಾಗಿಲಿಗೆ ಅಡ್ಡ ಅವ್ವ ನಿಂತಿದ್ದಳು. ಅಪ್ಪನ ಕಡೆ ನೋಡದೆ ನನಗೇ ಅಂದಳು:

"ಆಕಿ ಎದಿ ಕೊಯ್ಸಿಕೊಂಡಾಳ, ನೀ ಕೊಯ್ಸಿಕೊಂಡಿಲ್ಲ. ನಿನಗ ಅಷ್ಟು ಲುಕ್ಸಾನ ಆಗಿದ್ರ ಹೋಗಿ ಆಕಿ ಜಾಗಾದಾಗ ಮಕ್ಕೋ. ನಿಮ್ಮಪ್ಪಗ ರೊಕ್ಕ ಕಟ್ಟಿ ಪಾವತಿ ಹರಿಸಾಕ ಬಿಡು."