ತೊಗರಿ ಬೀಜಕ್ಕಿದ್ದ ನ್ಯಾಯ

"ಮಗು ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ತಂದೆಯ ವರ್ಣತಂತು" ಎಂದು ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ನನ್ನ ಮೂಗಿಗೆ ಮಾತ್ರ ಇಂಗು, ಬೇವು, ಎಮ್ಮೆಯ ಗಂಜಲ ಸೇರಿದ ಕಷಾಯದ ನಾತ ಬಡಿಯಿತು.

ಆಳಂದದ ನಮ್ಮ ಮನೆಯಲ್ಲಿ ಆಗ ನಾವು ಮೂವರು ಹೆಣ್ಣುಮಕ್ಕಳು. ಅವ್ವ ನಾಲ್ಕನೆಯ ಸಲ ಬಸುರಿಯಾದಾಗ ಆಯಿ, ಅಂದರೆ ಅಪ್ಪನ ತಾಯಿ, ದಿನವೂ ಆ ದಿವ್ಯೌಷಧವನ್ನು ಕುದಿಸಿ, ಸೆರಗಿನಲ್ಲೇ ಸೋಸಿ ತರುತ್ತಿದ್ದಳು.

"ಕುಡಿ ಬೇ. ಇದೂ ಹೆಣ್ಣಾದ್ರ ನಿನ್ನ ಗಂಡಗ ಕೊಳಕೂರದಾಗ ಇನ್ನೊಂದು ಹೆಣ್ಣು ನೋಡೀವಿ."

ಅವ್ವ ಮೂಗು ಹಿಡಿದು ಕುಡಿದು, ಬಚ್ಚಲಿಗೆ ಓಡಿ ಕಾರಿಕೊಳ್ಳುತ್ತಿದ್ದಳು. ಆಯಿ ಇನ್ನೊಂದು ಲೋಟ ತರುತ್ತಿದ್ದಳು.

ಅದೇ ಹೊತ್ತಿಗೆ ಅಪ್ಪ ಅಂಗಳದಲ್ಲಿ ತೊಗರಿ ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷಿಸುತ್ತಿದ್ದ. "ಬಿಳಿ ತೊಗರಿ ಬಿತ್ತಿ ಕೆಂಪು ಬಂದ್ರ ಹೊಲಕ್ಕ ಯಾಕ ಬೈತೀರಿ? ಬೀಜ ಕೊಟ್ಟಾವನ್ನ ಕೇಳ್ರಿ" ಎಂದು ನೆರೆಯವರಿಗೆ ಉಪದೇಶವನ್ನೂ ಮಾಡುತ್ತಿದ್ದ. ಇಂಥ ಮಹಾಜ್ಞಾನಿಯ ಮನೆಯೊಳಗೆ ಮಾತ್ರ ಕಷಾಯವೆಲ್ಲ ಹೊಲಕ್ಕೇ.

ನಾಲ್ಕನೆಯದೂ ಹೆಣ್ಣಾಯಿತು. ಕೊಳಕೂರದವರು ಹೆಣ್ಣು ಕೊಡಲು ಒಪ್ಪಲಿಲ್ಲವಾದ್ದರಿಂದ ಅವ್ವನ ಸಂಸಾರ ಉಳಿಯಿತು.

ಈಗ ಮೊಮ್ಮಗಳ ಓದು ಕೇಳಿದ ಅಪ್ಪ, ಅಂದರೆ ಅವಳ ಮುತ್ಯಾ, "ಪುಸ್ತಕದಾಗ ಏನೇನರೆ ಬರೀತಾರ" ಎನ್ನುತ್ತಾ ಎದ್ದು ಹೊರಟ. ಅವ್ವ ಅವಳ ಪಕ್ಕಕ್ಕೆ ಬಂದು ಕೂತಳು.

"ಇನ್ನೊಂದು ಸಲ ಸಾವಕಾಶ ಓದವ್ವ. ನಿಮ್ಮ ಮುತ್ಯಾಗ ಕಿವಿ ಮಂದ."