ಅರ್ಮೇನಿಯನ್ನರ ಗಂಟೆ, ನಮ್ಮ ಓಣಿಯ ದೀಪ

ಚೆನ್ನೈನಲ್ಲಿ ಒಂದು ಚರ್ಚಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ತಪ್ಪದೆ ಗಂಟೆ ಬಾರಿಸುತ್ತಾರೆ. ಪ್ರಾರ್ಥನೆಗೆ ಮಾತ್ರ ಯಾರೂ ಬರುವುದಿಲ್ಲ.

ಬರುವುದಾದರೂ ಯಾರು? ಅದು ಅರ್ಮೇನಿಯನ್ನರ ಚರ್ಚು. ಅರ್ಮೇನಿಯನ್ನರು ಆ ಊರು ಬಿಟ್ಟು ಎಷ್ಟೋ ಕಾಲವಾಯಿತು. ಹಾಗಾದರೆ ಗಂಟೆ ಯಾರಿಗೆ? ಎದುರು ಸಾಲಿನಲ್ಲಿ ಶಟರ್ ಎತ್ತುವ ಅಂಗಡಿಯವರಿಗೆ, ಕೈಗಾಡಿ ತಳ್ಳುವವರಿಗೆ, ಮತ್ತು ಹೋದ ತಿಂಗಳ ಒಂದು ಭಾನುವಾರ ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದ ನನಗೆ.

ನಾನು ಹೋಗಿದ್ದು ಕಾಲೇಜು ಹುಡುಗರ ಡಿಬೇಟ್ ಸ್ಪರ್ಧೆಗೆ ತೀರ್ಪುಗಾರಳಾಗಿ. ಶನಿವಾರ ಒಬ್ಬ ಹುಡುಗಿ ವೇದಿಕೆಯ ಮೇಲೆ ನಿಂತು, "ಅರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆ ಹೊರಬಂದದ್ದು ಅರ್ಮೇನಿಯಾದಲ್ಲಲ್ಲ, ಇದೇ ಮದ್ರಾಸಿನಲ್ಲಿ" ಎಂದಳು. ನಾನು ಅಂಕ ಕಳೆದೆ. (ಪುರಾವೆ ಇಲ್ಲದ ಮಾತಿಗೆ ನನ್ನಲ್ಲಿ ಅಂಕವಿಲ್ಲ. ಹಳೆಯ ಓದುಗರಿಗೆ ಇದು ಗೊತ್ತು.) ಭಾನುವಾರ ಸಂಜೆಗೆ ರೈಲು. ಬೆಳಿಗ್ಗೆ ಬಿಡುವಿತ್ತು. ಆಕೆಯ ಸುಳ್ಳು ಹಿಡಿಯೋಣವೆಂದು ಅರ್ಮೇನಿಯನ್ ಸ್ಟ್ರೀಟ್ ಹುಡುಕಿಕೊಂಡು ಹೋದೆ.

ಅಲ್ಲಿನ ಫಲಕ ಓದಿದರೆ, ಹುಡುಗಿ ಹೇಳಿದ್ದು ನಿಜ. ಪತ್ರಿಕೆ ಹೊರಡಿಸಿದವರು ಆ ಚರ್ಚಿನ ಪಾದ್ರಿಯೇ. ಸ್ವಂತ ಅಚ್ಚುಕೂಟ ಮಾಡಿಕೊಂಡು, ಸಾವಿರಾರು ಮೈಲಿ ದೂರದ ತಮ್ಮ ಭಾಷೆಯನ್ನು ಸಮುದ್ರದ ದಂಡೆಯ ಈ ಸೆಖೆಯಲ್ಲಿ ಅಚ್ಚು ಹಾಕಿದರು. ಅವರ ಸಮಾಧಿಯೂ ಅಲ್ಲೇ ಅಂಗಳದಲ್ಲಿದೆ. ನಾನು ಅದರ ಮುಂದೆ ನಿಂತು ಮನಸ್ಸಿನಲ್ಲೇ ಅಂಕ ವಾಪಸ್ ಕೊಟ್ಟೆ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಯಾರು ಇವರು? ಪರ್ಷಿಯಾದ ಷಾ ಇವರನ್ನು ಸ್ವಂತ ನೆಲದಿಂದ ಎಬ್ಬಿಸಿ ಇಸ್ಫಹಾನಿನ ಪಕ್ಕ ತಂದು ಕೂರಿಸಿದ. ಸುಮ್ಮನೆ ಕೂರುವ ಜನವೇ ಅಲ್ಲ. ರೇಷ್ಮೆ, ರತ್ನ ಹೊತ್ತು ಅರ್ಧ ಜಗತ್ತು ಸುತ್ತಿದರು, ಮದ್ರಾಸಿಗೂ ಬಂದರು. ಬಂದವರು ಬರೀ ಲಾಭ ಎಣಿಸಲಿಲ್ಲ. ಅಡ್ಯಾರ್ ಹೊಳೆಗೆ ಸೇತುವೆ ಕಟ್ಟಿಸಿದ್ದು, ಪರಂಗಿಮಲೆ ಗುಡ್ಡಕ್ಕೆ ಮೆಟ್ಟಿಲು ಹಾಕಿಸಿದ್ದು ಒಬ್ಬ ಅರ್ಮೇನಿಯನ್ ವ್ಯಾಪಾರಿ. ಪರದೇಶಿ ಎನ್ನುವ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವಲ್ಲ?

(ಆದಿಲ್‌ಶಾಹಿ ಕಾಲದಲ್ಲಿ ಇವರು ನಮ್ಮ ವಿಜಯಪುರಕ್ಕೂ ಬಂದಿದ್ದರೇ? ಬಂದಿರಲೂಬಹುದು. ಪುರಾವೆ ತೋರಿಸುವ ತನಕ ನಾನು ಒಪ್ಪುವುದಿಲ್ಲ.)

ಚರ್ಚಿನ ಅಂಗಳಕ್ಕೆ ಹಾಸಿರುವುದೇ ಸಮಾಧಿಯ ಕಲ್ಲುಗಳು. ದೇವಕಣಗಿಲೆ ಗಿಡದ ಹೂವು ಅವುಗಳ ಮೇಲೆ ಉದುರಿ ಬಿದ್ದಿತ್ತು. ಗಂಟೆ ಗೋಪುರ ಬೇರೆಯೇ ನಿಂತಿದೆ. ಈಗ ಇದನ್ನೆಲ್ಲ ನೋಡಿಕೊಳ್ಳುವುದು ಕೋಲ್ಕತ್ತದಲ್ಲಿ ಉಳಿದಿರುವ ಕೆಲವೇ ಅರ್ಮೇನಿಯನ್ನರಂತೆ. ಗಂಟೆ ಬಾರಿಸಿ ಇಳಿದು ಬಂದವರನ್ನು ಕೇಳಿದೆ, "ನೀವು ಅರ್ಮೇನಿಯನ್ನರೇ?" ಅವರು ನಕ್ಕು ಇಂಗ್ಲಿಷಿನಲ್ಲಿ, "ಅಲ್ಲಮ್ಮ. ಆದರೆ ಭಾನುವಾರ ಭಾನುವಾರವೇ ಅಲ್ಲವೇ" ಎಂದರು.

ಇದೆಂಥ ಲಾಜಿಕ್? ರೈಲಿನಲ್ಲಿ ದಾರಿಯುದ್ದಕ್ಕೂ ಆ ಮಾತಿನ ಜೊತೆ ಜಗಳವಾಡಿಕೊಂಡೇ ಬಂದೆ.

ಯಾಕೆಂದರೆ ಊರಿನಲ್ಲಿ ಮರುದಿನವೇ ನನಗೊಂದು ವಾದವಿತ್ತು. ನಮ್ಮ ಜೋರಾಪುರ ಪೇಟೆಯ ಓಣಿಯ ಕೊನೆಗೆ ನೇಕಾರರ ದೇವಿಯ ಸಣ್ಣ ಗುಡಿಯಿದೆ. ಮುಂದೆ ಒಂದು ಒಳ್ಳೆಯ ಪಡಸಾಲೆ. ಮಗ್ಗಗಳು ನಿಂತ ಮೇಲೆ ನೇಕಾರರ ಮನೆಗಳೆಲ್ಲ ಒಂದೊಂದಾಗಿ ಸೊಲ್ಲಾಪುರ ಸೇರಿದವು. ಘೋಣಸಗಿ, ಮಮದಾಪುರದ ಕಡೆಯಿಂದ ಬಂದು ನಮ್ಮ ಓಣಿಯಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕೂರಲು ಜಾಗವಿಲ್ಲ. ಹಾಗಾಗಿ ದೇವಿಯನ್ನು ಪೇಟೆಯ ದೊಡ್ಡ ಗುಡಿಗೆ ಒಯ್ದು, ಇಲ್ಲಿ ರೀಡಿಂಗ್ ರೂಮು ಮಾಡಬೇಕೆಂಬ ಪ್ರಸ್ತಾಪ. ತಂದವರು ಓಣಿಯ ಹಿರಿಯರಾದ ಮಲ್ಲಪ್ಪ ಕಾಕಾ. ಪರವಾಗಿ ಮಾತಾಡುವ ಜವಾಬ್ದಾರಿ ನನ್ನದು. ಒಪ್ಪಿಕೊಂಡಾಗ ನನ್ನ ವಾದ ಒಂದೇ ಸಾಲಿನದಾಗಿತ್ತು: ಭಕ್ತರೇ ಇಲ್ಲದ ಗುಡಿ ಯಾಕೆ?

ಸಭೆ ಪಡಸಾಲೆಯಲ್ಲೇ ಸೇರಿತು. ಕಾಕಾ ನನ್ನ ಕಡೆ ನೋಡಿದರು.

"ಮಾತಾಡವಾ ತಂಗಿ. ಮದ್ರಾಸಕ್ಕ ಹೋಗಿ ಬಾಯಿ ಮತ್ತಟು ಮಸದಕೊಂಡ ಬಂದಿರಬೇಕು."

ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಚರ್ಚು. ಗಂಟೆ, ಪಾದ್ರಿ, ಪತ್ರಿಕೆ, ಸೇತುವೆ ಎಲ್ಲ ಹೇಳಿದೆ. ಜನ ಬಾಯಿ ಬಿಟ್ಟು ಕೇಳಿದರು. ಕಾಕಾರ ಮುಖ ಮಾತ್ರ ಸಣ್ಣಗಾಗುತ್ತ ಹೋಯಿತು.

"ಅಲ್ಲವಾ, ನೀ ಯಾರ ಕಡೆ ಅದೀ?"

"ರೀಡಿಂಗ್ ರೂಮಿನ ಕಡೇನೇ ಅದೀನ್ರಿ ಕಾಕಾ. ಆದ್ರ ನೇಕಾರ್ರು ಸತ್ತಿಲ್ಲಲ್ರಿ, ಸೊಲ್ಲಾಪುರದಾಗ ಅದಾರ. ಅವರನ್ನ ಕೇಳೇರಿ ಏನು?"

"ಅವರು ಇದನ್ನ ಮರತು ಎಷ್ಟ ವರ್ಷ ಆತು. ದೇವೀನ್ನೇ ಕೇಳೂಣು. ಹೂವು ಹಚ್ಚರಿ. ಬಲಕ್ಕ ಬಿದ್ರ ಹೋಗೂಣು, ಎಡಕ್ಕ ಬಿದ್ರ ಇರೂಣು."

ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಯಾವುದು ಮೊದಲು ಉದುರುತ್ತದೆಂದು ಕಾಯುವ ಈ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ. ನೀರು ಕಡಿಮೆ ಹಚ್ಚಿದ ಹೂವು ಮೊದಲು ಉದುರುತ್ತದೆ, ಅಷ್ಟೇ. ಅದನ್ನೇ ಹೇಳಿದೆ.

"ಹೂವು ಹಚ್ಚವರ ಕೈಯಾಗ ದೇವಿ ಇರತಾಳ್ರಿ. ಫೋನ್ ಹಚ್ಚಿದ್ರ ಮನಶ್ಯಾರು ಸಿಗತಾರ."

"ನಂಬರ್ ಯಾರಂತ್ಯಾಕ ಐತಿ?" ಕಾಕಾ ಗೆದ್ದವರಂತೆ ಸುತ್ತ ನೋಡಿದರು.

"ನನ್ನಂತ್ಯಾಕ ಐತಿ" ಎಂದು ಹಿಂದಿನಿಂದ ದನಿ ಬಂತು. ಕಾಕಾರ ಹೆಂಡತಿ, ಗಂಗವ್ವ ಕಾಕಿ.

ಆಮೇಲೆ ತಿಳಿದದ್ದಿಷ್ಟು. ಕಾಕಿ ಪ್ರತಿ ಶುಕ್ರವಾರ ಗುಡಿಯಲ್ಲಿ ದೀಪ ಹಚ್ಚುತ್ತಾರೆ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಸೊಲ್ಲಾಪುರದ ಅಂಬವ್ವನಿಗೆ ಕಳಿಸುತ್ತಾರೆ. ಅಂಬವ್ವ ಈ ಓಣಿಯಲ್ಲಿ ಕೊನೆಯದಾಗಿ ಬೀಗ ಹಾಕಿದ ನೇಕಾರರ ಮನೆಯ ಸೊಸೆ. ಗುಡಿ ತೆಗೆಯಲು ಹೊರಟ ಕಾಕಾರಿಗೆ ತಮ್ಮ ಮನೆಯ ಎಣ್ಣೆ ಎಲ್ಲಿ ಉರಿಯುತ್ತಿದೆ ಎಂಬುದೇ ಗೊತ್ತಿಲ್ಲ.

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರಿ ಏನ?" ಕಾಕಿ ಆಗಲೇ ಸ್ಪೀಕರ್ ಹಾಕಿದ್ದರು.

ಕಾಕಿ ಸುದ್ದಿ ಹೇಳುತ್ತಲೇ ಅಂಬವ್ವನ ದನಿ ಪಡಸಾಲೆ ತುಂಬಿತು. "ನಮ್ಮವ್ವನ್ನ ಎಲ್ಲಿಗಿ ಒಯ್ಯಾಕತ್ತೀರಿ? ಈ ಮಾಘದಾಗ ಮಗಳ ಲಗ್ನ ಐತಿ. ನಮ್ಮ ಮನಿತನದಾಗ ಮೊದಲನೇ ಉಡಿ ಈ ಅವ್ವಗೇ ತುಂಬೂದು. ಆ ಪಡಸಾಲ್ಯಾಗೇ ಕುಂತು ತುಂಬೂದು. ಮಂದಿ ಗುಡಿಯಾಗ ಒಯ್ದು ಕುಂಡ್ರಿಸಿದ್ರ ನಾ ಯಾವ ಮೂಲ್ಯಾಗ ಹುಡಕ್ಲಿ?"

ಸೊಲ್ಲಾಪುರದಿಂದ ಒಬ್ಬ ಹೆಣ್ಣುಮಗಳು ಮೊದಲ ಉಡಿಯ ಅಕ್ಕಿ, ಕೊಬ್ಬರಿ, ಖಣ ಹಿಡಿದುಕೊಂಡು ಬಂದು ರೀಡಿಂಗ್ ರೂಮಿನ ಬೋರ್ಡಿನ ಮುಂದೆ ನಿಲ್ಲುವುದನ್ನು ಎಲ್ಲರೂ ಒಟ್ಟಿಗೆ ಕಂಡಂತಿತ್ತು.

ನಾನು ಫೋನಿನ ಹತ್ತಿರ ಹೋದೆ. "ಅಂಬಕ್ಕಾರ, ದೇವಿ ಒಳಗ ಇರಲಿ. ಹೊರಗ ಪಡಸಾಲ್ಯಾಗ ಹುಡುಗೂರು ಓದಲೇನ್ರಿ? ನಿಮ್ಮ ಉಡಿ ದಿನ ಬಿಟ್ಟುಕೊಡತೀವಿ."

ಆ ಕಡೆಯಿಂದ ಮರುಪ್ರಶ್ನೆ ಬಂತು.

"ಓದೂ ಹುಡುಗೂರಂದ್ರ ದಿನಾ ಬಾಗಲಾ ತೆರೀತಾರ?"

"ದಿನಾ ತೆರೀತೀವ್ರಿ."

"ಹಂಗಾರ ಛಲೋ ಆತು. ಬಾಗಲಾ ಹಾಕಿದ ಗುಡಿಯಾಗ ಆಕಿಗೂ ಬ್ಯಾಸರ. ಆದ್ರ ಗಂಗವ್ವಗ ಮೊಣಕಾಲ ನೋವು. ಮುಂಜಾನಿ ಯಾರು ಮೊದಲ ಬರತಾರ, ಅವರೇ ದೀಪ ಹಚ್ಚಬೇಕು. ಶುಕ್ರವಾರ ನನಗ ಫೋಟೋ ಬರಬೇಕು. ಯಾ ಜಾತಿ, ಯಾ ದೇವರು ನಾ ಕೇಳಂಗಿಲ್ಲ."

ಇದಕ್ಕೆ ಯಾರೂ ಕೈ ಎತ್ತಿ ವೋಟು ಹಾಕಬೇಕಾಗಲಿಲ್ಲ. ಕಾಕಾ ಎದ್ದು ಹೋಗಿ ಹೂವಿನ ತಟ್ಟೆಯನ್ನು ಒಳಗಿಟ್ಟು ಬಂದರು. ಬರುವಾಗ ನನ್ನ ತಲೆಗೊಂದು ಮೊಟಕಿದರು.

ಈಗ ಪಡಸಾಲೆಯಲ್ಲಿ ಮೇಜು ಬಂದಿವೆ, ಪ್ಲಗ್ ಪಾಯಿಂಟ್ ಬಂದಿವೆ. ಮಮದಾಪುರದ ಹುಡುಗಿಯೊಬ್ಬಳು ಭೂಗೋಳದ ನಕ್ಷೆ ಅಂಟಿಸಿದ್ದಾಳೆ. ನಾನು ಅದರಲ್ಲಿ ಅರ್ಮೇನಿಯಾ ಹುಡುಕಿ ಗುರುತು ಹಾಕಿದ್ದೇನೆ. ಕೀಲಿಕೈ ನನ್ನ ಹತ್ತಿರವೇ ಇರುವುದರಿಂದ ಬೆಳಿಗ್ಗೆ ಮೊದಲು ಬರುವವಳು ನಾನು. ಮೊನ್ನೆ ಶುಕ್ರವಾರ ಕಳಿಸಿದ ಫೋಟೋಕ್ಕೆ ಸೊಲ್ಲಾಪುರದಿಂದ ಕೂಡಲೇ ಉತ್ತರ ಬಂತು: "ಬತ್ತಿ ಸಣ್ಣದಾತು, ನಾಳಿಗಿ ದಪ್ಪ ಮಾಡವಾ."

ವಾದದಲ್ಲಿ ಗೆದ್ದವಳು ನಾನೇ, ಅದರಲ್ಲಿ ಸಂಶಯವಿಲ್ಲ. ಹಾಗಾದರೆ ದೇವರನ್ನೇ ನಂಬದ ನಾನು ದಿನಾ ಬೆಳಿಗ್ಗೆ ಬತ್ತಿ ಹೊಸೆಯುತ್ತ ಕೂತಿರುವುದು ಯಾಕೆ?