ಹಸಿದ ಸಾಸಿವೆ

ಹೊಸ ಸೊಸೆಯರು ಸಾಮಾನ್ಯವಾಗಿ ಅತ್ತೆಯ ಅಡುಗೆಮನೆಯಲ್ಲಿ ತಪ್ಪು ಹುಡುಕುತ್ತಾರೆ. ಇವಳು ಅತ್ತೆಯ ಮಣ್ಣಿನಲ್ಲಿ ಹುಡುಕಿದಳು.

ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲೇ ಹಿತ್ತಿಲ ಬಾಗಿಲು ದಾಟಿ, ಮೊಣಕಾಲೆತ್ತರದ ಗೋಡೆಯ ಆಚೆಗಿದ್ದ ಸೊಪ್ಪಿನ ತೋಟಕ್ಕೆ ಇಳಿದು, ಒಂದು ಹಿಡಿ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಕೆಲಸಕ್ಕೆ ಒಯ್ದಳು. ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಅವಳು ಕೃಷಿ ಎಂಜಿನಿಯರು. ಊರಂಚಿನ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಬೇರೆಯವರು ಹೋದಲ್ಲೆಲ್ಲ ಫೋಟೊ ತೆಗೆಯುವಂತೆ ಅವಳು ಹೋದಲ್ಲೆಲ್ಲ ಮಣ್ಣು ತೆಗೆಯುತ್ತಿದ್ದಳು. ಅವಳ ಮೇಜಿನ ಖಾನೆಯಲ್ಲಿ ತವರಿನ ಅಂಗಳದ ಮಣ್ಣಿತ್ತು, ಓದಿದ ಕಾಲೇಜಿನ ಮೈದಾನದ್ದಿತ್ತು, ಗಂಡನಾಗುವವನನ್ನು ಮೊದಲ ಸಲ ಭೇಟಿಯಾದ ಪಾರ್ಕಿನದೂ ಇತ್ತು. ಪಾರ್ಕಿನ ಮಣ್ಣಿನಲ್ಲಿ ಹುಳಿ ಜಾಸ್ತಿ ಎಂದು ಅವನಿಗೆ ಮದುವೆಗೆ ಮೊದಲೇ ತಿಳಿಸಿದ್ದಳು. ಅವನು ಆದರೂ ಒಪ್ಪಿಕೊಂಡ.

ಕೇಂದ್ರದಲ್ಲಿ ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವ ಕೆಲಸವನ್ನು ಸಹಾಯಕರಿಗೆ ಬಿಡದೆ ತಾನೇ ಮಾಡುತ್ತಿದ್ದಳು ಎಂಬುದು ಒಂದು ಕಾರಣ. ಯಾರು ಏನು ಮಾತಾಡಿದರೂ ಅದರಲ್ಲಿರುವ ಕಲ್ಲನ್ನಷ್ಟೇ ಹಿಡಿದಿಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಸೋರಿಹೋಗಲು ಬಿಡುತ್ತಾಳೆ ಎಂಬುದು ಇನ್ನೊಂದು.

ತೋಟದ ಮಣ್ಣಿನ ಫಲಿತಾಂಶ ಬಂದಾಗ ಅವಳು ನಂಬಲಿಲ್ಲ. ಮತ್ತೆ ಮಣ್ಣು ತಂದು, ಮತ್ತೆ ಪರೀಕ್ಷಿಸಿದಳು. ತೋಟದ ಮಗ್ಗುಲಲ್ಲಿ ಬೀಗ ಜಡಿದ ಒಂದು ಶೆಡ್ಡಿತ್ತು. ಒಂದು ಕಾಲದಲ್ಲಿ ಅಲ್ಲಿ ಹಳೆಯ ವಾಹನಗಳ ಬ್ಯಾಟರಿಗಳನ್ನು ಒಡೆದು ಒಳಗಿನ ಸೀಸವನ್ನು ಕರಗಿಸಿ ಮಾರುತ್ತಿದ್ದರಂತೆ. ಶೆಡ್ಡಿನವನು ಹೋಗಿ ಎಷ್ಟೋ ಕಾಲವಾಗಿತ್ತು. ಅವನ ಸೀಸ ಎಲ್ಲಿಗೂ ಹೋಗಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದಳು.

"ಅತ್ತೆ, ನಿಮ್ಮ ತೋಟದಲ್ಲಿ ಸೀಸ ಇದೆ."

"ಇರುತ್ತೆ. ಎಷ್ಟು ಸೀಸೆ ಚೂರು ಆರಿಸಿ ಬಿಸಾಕಿದೀನಿ ನಾನು. ಕುಡಿದು ಗೋಡೆಯಾಚೆ ಎಸೀತಾರೆ, ಹಾಳಾದವರು."

"ಸೀಸೆ ಅಲ್ಲ ಅತ್ತೆ, ಸೀಸ. ಲೋಹ. ಕಣ್ಣಿಗೆ ಕಾಣಲ್ಲ. ಸೊಪ್ಪಿನೊಳಗೆ ಏರುತ್ತೆ. ಈ ಸೊಪ್ಪನ್ನ ಇನ್ನು ಯಾರೂ ತಿನ್ನಬಾರದು."

ಅತ್ತೆ ತಟ್ಟೆಯನ್ನು ನೋಡಿದರು. ತಟ್ಟೆಯಲ್ಲಿ ಸೊಪ್ಪಿತ್ತು.

ಆ ತೋಟದ ಸೊಪ್ಪನ್ನು ಬೀದಿ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರಿಯೇ ಅವರು ಗಂಡ ತೀರಿದ ಮೇಲೆ ಮಗನನ್ನು ಬೆಳೆಸಿದ್ದು. ಅವರ ಸೊಪ್ಪು ಬೆಳಗಿನ ಚಹಾ ಆರುವುದರೊಳಗೆ ಖಾಲಿಯಾಗುತ್ತಿತ್ತು.

"ಇವನು ಇದನ್ನೇ ತಿಂದು ಬೆಳೆದದ್ದು. ಏನಾಗಿದೆ ಇವನಿಗೆ?" ಎಂದು ಮಗನನ್ನು ತೋರಿಸಿದರು.

ಸೊಸೆ ಗಂಡನನ್ನು ನೋಡಿದಳು. ಉತ್ತರ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಅಷ್ಟು ಹೊತ್ತು ತೆಗೆದುಕೊಳ್ಳಬಾರದಿತ್ತು ಎಂದು ಗಂಡ ಆಮೇಲೆ ಹೇಳಿದ.

"ಏನೂ ಆಗಿಲ್ಲ," ಎಂದಳು. "ಆದರೆ ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ. ಬೀದಿಯ ಮಕ್ಕಳೆಲ್ಲ ನಿಮ್ಮ ಸೊಪ್ಪನ್ನೇ ತಿನ್ನೋದು."

ಅತ್ತೆ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿ ಕೇಳಿದರು. "ಮಣ್ಣು ಸರಿಹೋಗಲ್ವಾ?"

"ಹೋಗುತ್ತೆ ಅತ್ತೆ. ಮಾಡ್ತೀವಿ. ಸ್ವಲ್ಪ ಸಮಯ ಬೇಕು."

ಸ್ವಲ್ಪ ಎಂಬ ಮಾತು ಕೇಳುವವರಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಸೊಪ್ಪು ಬೆಳೆಯುವವರಿಗೆ ಸ್ವಲ್ಪ ಎಂದರೆ ಬಿತ್ತಿ ಕೊಯ್ಯುವಷ್ಟು ದಿನ. ಮಣ್ಣಿನ ವಿಜ್ಞಾನ ಓದಿದವರಿಗೆ, ಬೆರಳಗಲ ಮಣ್ಣು ಹುಟ್ಟಲು ಹತ್ತಾರು ತಲೆಮಾರು ಬೇಕೆಂದು ಗೊತ್ತಿರುವವರಿಗೆ, ಒಬ್ಬ ಮನುಷ್ಯನ ಆಯಸ್ಸೂ ಸ್ವಲ್ಪವೇ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಆಡಿದಳು.

ಮಾರನೆಯ ದಿನ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು: "ಸೊಸೆ ಬಂದಳು, ನನ್ನ ಅನ್ನಕ್ಕೆ ಮಣ್ಣು ಹಾಕಿದಳು."

"ನಾನು ಹಾಕಿದ್ದಲ್ಲ. ಇದ್ದ ಮಣ್ಣನ್ನ ತೋರಿಸಿದ್ದು," ಎಂದಳು ಅವಳು ಗಂಡನ ಹತ್ತಿರ.

ಗಂಡ ತಕ್ಕಡಿ ರಿಪೇರಿ ಮಾಡುವವನು. ಪೇಟೆಯ ಅಂಗಡಿಗಳ ತಕ್ಕಡಿಗಳೆಲ್ಲ ಅವನ ಕೈಯಲ್ಲೇ ಸರಿಯಾಗುತ್ತಿದ್ದವು. "ಅಮ್ಮನಿಗೆ ಎರಡೂ ಒಂದೇ ತೂಕ ಕಣೇ," ಎಂದ.

ಅಂದಿನಿಂದ ಅತ್ತೆ ಸೊಸೆಯ ಜತೆ ಮಾತು ಬಿಟ್ಟರು. ಜಗಳವಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ, ಬಡಿಸುವುದರಲ್ಲಿ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಇಲ್ಲ. ಹೇಳಬೇಕಾದ್ದನ್ನೆಲ್ಲ ಮಗನ ಮೂಲಕ ಹೇಳಿಸುತ್ತಿದ್ದರು. ಒಲೆಯ ಮುಂದೆ ಸೊಸೆಯೇ ನಿಂತಿದ್ದರೂ ಹೊರಗೆ ಕೂತ ಮಗನಿಗೆ ಕೂಗುತ್ತಿದ್ದರು. "ನಿನ್ನ ಹೆಂಡತಿಗೆ ಹೇಳು, ಹಾಲು ಉಕ್ತಾ ಇದೆ." ಅವನು ಎದ್ದು ಬಂದು ಹೇಳುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಮಗ ಮನೆಯಲ್ಲಿ ಇಲ್ಲದಾಗ ಬಾಗಿಲಿಗೆ ಹೇಳುತ್ತಿದ್ದರು. "ಈ ಮನೇಲಿ ಯಾರಿಗಾದರೂ ನೆಗಡಿ ಆಗಿದ್ರೆ ಬಿಸಿನೀರು ಕಾದಿದೆ."

ಕೇಂದ್ರದವರು ತೋಟವನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಬೀದಿಯ ಕಡೆಗೆ ತಂತಿ ಬೇಲಿ ಬಂತು, ವಿಷದ ಚಿತ್ರವಿರುವ ಹಲಗೆ ಬಂತು. ಸಾಸಿವೆ ಬಿತ್ತಿದರು. ಸಾಸಿವೆಗೆ ಒಂದು ಕೆಟ್ಟ ಚಾಳಿ: ಬೇರಿಗೆ ಸಿಕ್ಕಿದ್ದನ್ನೆಲ್ಲ ಕುಡಿಯುತ್ತದೆ. ಸೀಸ ಸಿಕ್ಕರೆ ಅದನ್ನೂ ಒಂದಿಷ್ಟು ಕುಡಿದು ಎಲೆಗೆ ಏರಿಸುತ್ತದೆ. ಗಿಡ ಕೊಯ್ದು, ಚೀಲಕ್ಕೆ ತುಂಬಿ, ವಿಷದ ಕಸ ಹಾಕುವಲ್ಲಿಗೆ ಸಾಗಿಸಿದರೆ ಮಣ್ಣು ಅಷ್ಟರಮಟ್ಟಿಗೆ ಹಗುರ. ಮತ್ತೆ ಬಿತ್ತುವುದು, ಮತ್ತೆ ಕೊಯ್ಯುವುದು, ಮತ್ತೆ ಎಸೆಯುವುದು. ಇದಕ್ಕೆ ಒಂದು ಷರತ್ತಿತ್ತು. ಗಿಡ ಹಸಿದೇ ಇರಬೇಕು. ಕೊಳೆತ ಗೊಬ್ಬರವೋ ಬೂದಿಯೋ ಮೂಳೆಪುಡಿಯೋ ಬಿದ್ದರೆ ಸೀಸ ಅದನ್ನು ಅಪ್ಪಿಕೊಂಡು ಮಣ್ಣಿನಲ್ಲೇ ಕೂತುಬಿಡುತ್ತದೆ, ಬೇರಿನ ಕೈಗೆ ಸಿಗುವುದಿಲ್ಲ.

ಇದನ್ನೆಲ್ಲ ಅವಳು ಅತ್ತೆಗೆ ವಿವರಿಸಬೇಕೆಂದು ಗಂಡನಿಗೆ ವಿವರಿಸಿದಳು. ಗಂಡ ಅರ್ಧ ಗಂಟೆ ಕೇಳಿಸಿಕೊಂಡು, ಒಳಗೆ ಹೋಗಿ ಹೇಳಿದ. "ಏನೂ ಹಾಕಲ್ವಂತಮ್ಮ."

"ಗೊಬ್ಬರಕ್ಕೂ ಗತಿ ಇಲ್ವಾ ಅವಳ ಆಫೀಸಿಗೆ?" ಎಂದರು ಅಮ್ಮ.

ಆ ತೋಟ ಬೀದಿಗೆ ಕಾಣುವಂಥದ್ದು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಸಾಸಿವೆ ಹಳದಿಗೆ ತಿರುಗಿ, ಸೊಂಟ ಬಿದ್ದ ಮುದುಕರಂತೆ ನಿಂತಿತ್ತು. ಹಾಲಿನವನು ಒಂದು ದಿನ ಸೈಕಲ್ ನಿಲ್ಲಿಸಿ ಅತ್ತೆಯನ್ನು ಕೇಳಿದ. "ಏನಮ್ಮ, ನಿಮ್ಮ ತೋಟಕ್ಕೆ ಕ್ಷಯ ಹಿಡೀತಾ?" ಎದುರುಮನೆಯ ದರ್ಜಿಯವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. "ಸೊಸೆ ವ್ಯವಸಾಯನೇ ಓದಿರೋದಂತಲ್ಲ. ಪಾಪ, ಹೇಗೋ ಪಾಸಾಗಿರಬೇಕು."

ಅತ್ತೆ ಸರಕ್ಕನೆ ಒಳಗೆ ಬಂದರು.

ಮುಂದಿನ ಬೆಳೆಯಲ್ಲಿ ತೋಟದ ಒಂದು ಭಾಗ ಹಸಿರಾಯಿತು, ಅದರ ಮುಂದಿನ ಬೆಳೆಯಲ್ಲಿ ಸೊಕ್ಕಿತು. ಎಲೆಗಳು ಅಂಗೈಯಗಲ, ಕಾಂಡ ಬೆರಳು ದಪ್ಪ. ಜರಡಿಗೆ ಸಂತೋಷವೇ ಆಯಿತು. ಎಷ್ಟೆಂದರೂ ಬೆಳೆ ಚೆನ್ನಾಗಿ ಬಂದರೆ ಬೇಡವೆನ್ನುವುದು ಹೇಗೆ? ಆದರೆ ಪರೀಕ್ಷೆಯಲ್ಲಿ ಬಡಕಲು ಗಿಡಗಳ ಎಲೆಯಲ್ಲಿ ಬೇಕಾದಷ್ಟು ಸೀಸವಿತ್ತು. ಸೊಕ್ಕಿದ ಗಿಡಗಳಲ್ಲಿ ಹೆಸರಿಗಷ್ಟೇ.

ಕೇಂದ್ರದ ಮುಖ್ಯಸ್ಥರು ನಕ್ಷೆ ಹರಡಿಕೊಂಡು ಕೂತರು. ಹಸಿರು ಭಾಗ ಅರ್ಧಚಂದ್ರದ ಹಾಗಿತ್ತು.

"ಕೆಳಗೆ ಒರತೆ ಇರಬೇಕು," ಎಂದರು. "ನೀರು ಸೀಸವನ್ನ ತೊಳೀತಾ ಇದೆ. ನೋಡಿ, ಎಷ್ಟು ನಯವಾದ ವಕ್ರರೇಖೆ. ಇದರ ಮೇಲೆ ಒಂದು ಪ್ರಬಂಧವೇ ಬರೀಬಹುದು."

ಜರಡಿ ನಕ್ಷೆಯನ್ನು ನೋಡಿದಳು. ಅರ್ಧಚಂದ್ರದ ನಡುಬಿಂದು ಎಲ್ಲಿ ಬೀಳುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತಿಸಿದಳು. ಅದು ಅವಳ ಮನೆಯ ಹಿತ್ತಿಲ ಗೋಡೆಗೆ ಬಿತ್ತು. ಅಲ್ಲಿಂದ ಅಂಚಿನವರೆಗಿನ ದೂರ, ಗಟ್ಟಿಮುಟ್ಟಾದ ಒಬ್ಬ ಮುದುಕಿ ಬಕೆಟ್ಟು ಬೀಸಿ ಎರಚಿದರೆ ಎಷ್ಟು ದೂರ ಹೋಗುತ್ತದೋ ಅಷ್ಟು.

"ಸರ್, ಒರತೆ ಅಲ್ಲ," ಎಂದಳು.

"ಮತ್ತೆ?"

"ನಮ್ಮತ್ತೆ."

ಅವರು ನಕ್ಷೆಯನ್ನು ನಿಧಾನಕ್ಕೆ ಸುತ್ತಿಟ್ಟರು.

ಆ ಮಧ್ಯಾಹ್ನವೇ ಅವಳು ತೋಟದಲ್ಲಿ ಕೂತು ಮೇಲ್ಮಣ್ಣನ್ನು ಜರಡಿ ಹಿಡಿದಳು. ಮೊಟ್ಟೆಯ ಸಿಪ್ಪೆ, ಈರುಳ್ಳಿ ಸಿಪ್ಪೆ, ಒಲೆಯ ಬೂದಿ, ಮೂಳೆಯ ಚೂರು ಸಿಕ್ಕವು. ತಮ್ಮ ಮನೆಯ ಚಹಾಪುಡಿಯ ಚರಟ ಸಿಕ್ಕಿತು. ಗಂಡನ ನೀಲಿ ಅಂಗಿಯ ಗುಂಡಿಯೂ ಸಿಕ್ಕಿತು. ಇನ್ನೂ ಕೂತಿರುವಾಗಲೇ ಹಿತ್ತಿಲ ಬಾಗಿಲು ತೆರೆಯಿತು. ಅತ್ತೆ ಬಕೆಟ್ಟು ಹಿಡಿದು ಗೋಡೆಯ ಬಳಿ ಬಂದರು, ಸೊಸೆಯನ್ನು ಕಂಡರು. ಬಕೆಟ್ಟನ್ನು ಬಚ್ಚಿಡಲು ಹೋಗಲಿಲ್ಲ.

ಅಕ್ಕಪಕ್ಕದಲ್ಲಿ ಮಗನಿರಲಿಲ್ಲ. ಅತ್ತೆ ಬಾಗಿಲಿನ ಕಡೆಗೆ ತಿರುಗಿದರು, ಬಾಗಿಲು ದೂರವಾಯಿತು. ಕೊನೆಗೆ ಸಾಸಿವೆ ಗಿಡಕ್ಕೆ ಹೇಳಿದರು.

"ಹಸಿದವರನ್ನ ನೋಡ್ಕೊಂಡು ಸುಮ್ನೆ ಕೂರೋದು ನನಗೆ ಬರಲ್ಲ."

"ಹಸಿದ್ರೇನೇ ಅತ್ತೆ ಅದು ಸೀಸ ಕುಡಿಯೋದು. ನೀವು ಊಟ ಹಾಕಿದ್ರಿ, ಅದು ಕುಡಿಯೋದನ್ನ ಬಿಡ್ತು."

"ಕುಡಿಯೋದು ಬಿಟ್ರೆ ಒಳ್ಳೇದೇ ಅಲ್ವಾ?" ಅತ್ತೆ ಈಗ ಗಿಡವನ್ನು ಬಿಟ್ಟು ಸೊಸೆಯನ್ನೇ ನೋಡುತ್ತಿದ್ದರು. ತಾವು ನೇರವಾಗಿ ಮಾತಾಡುತ್ತಿರುವುದು ಅವರ ಗಮನಕ್ಕೆ ಬಂದಂತಿರಲಿಲ್ಲ. "ಅಂದ್ರೆ ನನ್ನ ಎಲೇಲಿ ಸೀಸ ಇಲ್ಲ?"

"ಬಹಳ ಕಡಿಮೆ."

"ಹಾಗಾದ್ರೆ ನನ್ನ ತೋಟ ನನಗೆ ಕೊಡು."

ಜರಡಿ ಎದ್ದು ನಿಂತಳು. "ಎಲೇಲಿ ಇಲ್ಲ, ಮಣ್ಣಲ್ಲೇ ಇದೆ. ಮಣ್ಣು ಕೈಗೆ ಹತ್ತುತ್ತೆ, ಧೂಳು ಹಾರುತ್ತೆ, ಬೇರಿಗೆ ಅಂಟಿಕೊಂಡು ಬುಟ್ಟಿಗೆ ಬರುತ್ತೆ. ಮಕ್ಕಳು ಬೆರಳು ಬಾಯಿಗಿಡ್ತಾರೆ. ಕೊಡೋಕಾಗಲ್ಲ."

"ಮತ್ತೆ ಯಾವಾಗ ಕೊಡ್ತೀಯ? ಸ್ವಲ್ಪ ಸಮಯ ಅಂದೆ."

ಇದೊಂದು ಪ್ರಶ್ನೆಗೆ ಹೆದರಿಯೇ ಅವಳು ಅತ್ತೆಯ ಮೌನವನ್ನು ಇಷ್ಟು ದಿನ ಸಹಿಸಿದ್ದಳು. ಸಹಿಸಿದ್ದೇನು, ಅದರ ಮರೆಯಲ್ಲಿ ಹಾಯಾಗಿದ್ದಳು. ಕೈಯಲ್ಲಿದ್ದ ಗುಂಡಿಯನ್ನು ಸೆರಗಿನಂಚಿಗೆ ಒರೆಸಿದಳು.

"ಸುಳ್ಳು ಹೇಳಿದೆ ಅತ್ತೆ. ಸಾಸಿವೆ ಒಂದು ಸಲಕ್ಕೆ ಕುಡಿಯೋದು ಒಂದು ಚಿಟಿಕೆ. ಮಣ್ಣಲ್ಲಿರೋದು ಮೂಟೆ. ನಿಮ್ಮ ಕಾಲಕ್ಕೆ ಆಗಲ್ಲ. ನನ್ನ ಕಾಲಕ್ಕೆ ಆದ್ರೆ ಅದೃಷ್ಟ."

ಅತ್ತೆ ಬಕೆಟ್ಟನ್ನು ಕೆಳಗಿಟ್ಟು ಗೋಡೆಯ ಮೇಲೆ ಕೂತರು. ಸೊಸೆಗೆ ಏನು ಮಾಡಬೇಕೆಂದು ತೋಚದೆ ಅವಳೂ ಹೋಗಿ ಪಕ್ಕದಲ್ಲಿ ಕೂತಳು. ಗೋಡೆ ಇಬ್ಬರಿಗೆ ಸಾಲುವಷ್ಟು ಅಗಲವಿರಲಿಲ್ಲ. ಅತ್ತೆ ಸರಿದು ಜಾಗ ಕೊಟ್ಟರು.

"ಮೊದಲೇ ಹೇಳೋದಲ್ವೇನೇ," ಎಂದರು.

"ನಿಮಗೆ ಬೇಜಾರಾಗುತ್ತೆ ಅಂತ."

"ಬೇಜಾರಿಗಲ್ಲ ಕಣೇ. ತೋಟ ಕೈಗೆ ಬರೋವರೆಗೂ ನಿನ್ನ ಹತ್ರ ಮಾತಾಡಲ್ಲ ಅಂತ ಶಪಥ ಮಾಡಿಕೊಂಡಿದ್ದೆ. ಒಂದೆರಡು ಬೆಳೆ ತಾನೇ, ಬಾಯಿ ಕಟ್ಟಿಕೊಂಡಿರೋಣ ಅಂತ. ಸಾಯೋವರೆಗೂ ಅಂತ ಗೊತ್ತಿದ್ರೆ ಯಾರು ಮಾಡ್ತಿದ್ರು? ಹಾಲು ಎಷ್ಟು ಸಲ ಉಕ್ಕಿಹೋಯ್ತು."

ಜರಡಿಗೆ ನಗು ಬಂತು. ಬಂದದ್ದು ಪೂರ್ತಿ ನಗುವೇ ಆಗಿರಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

"ಗೊಬ್ಬರ ಯಾಕೆ ಹಾಕಿದ್ರಿ ಅತ್ತೆ? ಬೇಡ ಅಂತ ಇವರು ಹೇಳಿರಲಿಲ್ವಾ?"

"ಆ ದರ್ಜಿಯವಳು ನಿನ್ನ ಓದನ್ನ ಆಡಿಕೊಂಡಳು."

"ನೀವೂ ಆಡಿಕೊಳ್ತೀರಲ್ಲ."

"ನಾನು ಆಡಿಕೋಬಹುದು. ಅವಳ್ಯಾರು?"

ಆ ಸಂಜೆ ತಕ್ಕಡಿಯವನು ಮನೆಗೆ ಬಂದಾಗ ಒಳಗೆ ಎರಡು ದನಿ ಕೇಳುತ್ತಿತ್ತು. ಹೆಚ್ಚು ಕೇಳುತ್ತಿದ್ದದ್ದು ಒಂದೇ. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಅಮ್ಮ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು: ಸೊಸೆ ಪಾತ್ರೆ ಬೋರಲು ಹಾಕುವ ರೀತಿ, ಅವಳ ತವರಿನವರು ಬಂದಾಗ ಚಪ್ಪಲಿ ಬಿಟ್ಟ ರೀತಿ, ಚಹಾಕ್ಕೆ ಸಕ್ಕರೆ ಹಾಕುವ ಮೊದಲು ಕದಡುವುದು. ಅವನು ಬಾಗಿಲಲ್ಲೇ ನಿಂತು, ತನಗೇನಾದರೂ ಹೇಳುವುದಿದೆಯೇ ಎಂದು ಕೇಳಿದ. "ನಿನ್ನ ಹತ್ರ ಏನು ಕೆಲಸ?" ಎಂದರು ಅಮ್ಮ. ಬಹಳ ದಿನದ ನಂತರ ಅವನು ನಡುವೆ ಎದ್ದು ಓಡದೆ ಬಿಸಿ ಚಹಾ ಕುಡಿದ.

ಕೇಂದ್ರದ ನಿಯಮದಂತೆ ಆ ತೋಟದಲ್ಲಿ ಬೆಳೆದದ್ದೆಲ್ಲ ವಿಷವೆಂದೇ ಲೆಕ್ಕ. ಎಲೆಯಲ್ಲಿ ಇರಲಿ ಬಿಡಲಿ, ಚೀಲಕ್ಕೇ ಹೋಗಬೇಕು. ಹಸಿರು ಭಾಗವನ್ನು ತಾನೇ ಕೊಯ್ಯುತ್ತೇನೆಂದು ಅತ್ತೆ ಹಟ ಹಿಡಿದರು. ಕೈಗವಸು, ಮುಖವಸ್ತ್ರ ಹಾಕಿಸಿ ಅವಳು ಒಳಗೆ ಬಿಟ್ಟಳು. ಅತ್ತೆ ಮುಖವಸ್ತ್ರದ ಒಳಗಿನಿಂದಲೇ ಮಾತಾಡುತ್ತ ಕೊಯ್ದರು. ಕೊಯ್ದದ್ದನ್ನು ಹಿಡಿ ಹಿಡಿಯಾಗಿ ಕೂಡಿಸಿ, ಬುಡ ಸಮ ಮಾಡಿ, ಒಂದು ಕಾಂಡವನ್ನೇ ಸೀಳಿ ಸುತ್ತಿ ಕಟ್ಟುಗಳನ್ನಾಗಿ ಮಾಡಿದರು. ಚೀಲದಲ್ಲಿ ಎಲೆ ಮುರಿಯದಂತೆ ಒಂದೇ ದಿಕ್ಕಿಗೆ ಜೋಡಿಸಿದರು. ಅದರ ಅಗತ್ಯವಿಲ್ಲವೆಂದು ಸೊಸೆ ಹೇಳಲಿಲ್ಲ. ಕಟ್ಟುವುದು ಹೇಗೆಂದು ಕೇಳಿದಳು. ಅತ್ತೆ ತೋರಿಸಿದರು, ಅವಳು ಕಟ್ಟಿದ್ದು ಬಿಚ್ಚಿಹೋಯಿತು, ಅದರ ಮೇಲೂ ಅತ್ತೆ ಎರಡು ಮಾತಾಡಿದರು.

ಚೀಲ ಒಯ್ಯಲು ಬಂದ ಲಾರಿಯವನು ಬಗ್ಗಿ ನೋಡಿದ. ಇಂಥ ಸೊಪ್ಪನ್ನು ಅವನು ನೋಡಿರಲಿಲ್ಲ.

"ಒಂದು ಕಟ್ಟು ಮನೆಗೆ ತಗೊಂಡು ಹೋಗ್ಲಾ ಅಜ್ಜಿ? ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಅವನ ಕೈಯನ್ನು ತಳ್ಳಿ ಚೀಲದ ಬಾಯಿ ಬಿಗಿದರು.

"ಮುಟ್ಟಬೇಡ, ವಿಷ ಅದು," ಎಂದರು. "ನಮ್ಮ ಸೊಸೆ ಬೆಳೆದದ್ದು."